ಹುಯಿಲಿನ ಕಾಯಿ

“ಗಾಡಿ ಬೇಕಾರೆ ತಕ್ಕಳಿ. ಡ್ರೈವರ್ ಸೀಟಿನ ಅಡಿಗೆ ಒಂದು ಕಾಯಿ ಕಟ್ಟಿದ್ದದೆ. ಅದನ್ನ ಮಾತ್ರ ಮುಟ್ಬೇಡಿ.”

ಮಾವ ಲಿಂಗಪ್ಪ ಇಷ್ಟು ಹೇಳಿದ್ದು ಜಗಲಿಯ ಮೇಲೆ, ಅಂಗಳಕ್ಕೆ ಬೆನ್ನು ಹಾಕಿ ಕೂತು. ಅವನು ಯಾವಾಗಲೂ ಹಾಗೆಯೇ ಕೂರುತ್ತಿದ್ದ. ಅಂಗಳದ ಮೂಲೆಯ ಗೇರುಮರದ ಕೆಳಗೆ ಹಳೆಯ ಪಿಕಪ್ ಗಾಡಿಯೊಂದು ಹದಿನಾರು ವರ್ಷಗಳಿಂದ ನಿಂತಿತ್ತು. ಟಯರುಗಳು ಅರ್ಧ ಮಣ್ಣಿನೊಳಗೆ ಹೂತಿದ್ದವು.

“ಯಾಕ್ರೀ ಮಾವಾರ, ಕಾಯಿ ಕಚ್ಚತೈತೇನು?” ಅಳಿಯ ಅನೂಪ ನಕ್ಕ.

“ಹುಯಿಲಿನ ಕಾಯಿ ಅದು. ಕಟ್ಟಿದವ್ರೇ ಬಿಚ್ಚಬೇಕು. ಬೇರೆಯವ್ರು ಕೈ ಹಾಕುಕಾಗ.”

“ಯಾರು ಕಟ್ಟಿದ್ದು?”

ಲಿಂಗಪ್ಪ ಎಲೆಯಡಿಕೆಯ ಚೀಲಕ್ಕೆ ಕೈ ಹಾಕಿದ.

ಹುಯಿಲು ಎಂದರೆ ದೂರು. ಅನ್ಯಾಯವಾದವರು ಊರ ಗಡಿ ಕಾಯುವ ಜಟಕನ ಕಲ್ಲಿನ ಮುಂದೆ ನಿಂತು ತಮ್ಮ ಸಂಕಟ ಹೇಳಿಕೊಳ್ಳುತ್ತಾರೆ. ಆಮೇಲೆ ಅನ್ಯಾಯ ಮಾಡಿದವನ ಬೇಲಿಗೋ ದೋಣಿಗೋ ಗಾಡಿಗೋ ಒಂದು ತೆಂಗಿನಕಾಯಿ ಕಟ್ಟಿ ಹೋಗುತ್ತಾರೆ. ತಪ್ಪು ಮಾಡಿದವನು ಹೋಗಿ ತಪ್ಪಾಯಿತೆಂದು ಹೇಳಬೇಕು. ಕಟ್ಟಿದವರು ಬಂದು ಕಾಯಿ ಬಿಚ್ಚಿ ಹೊಳೆಗೆ ಬಿಡಬೇಕು. ಅಲ್ಲಿಯವರೆಗೆ ಆ ವಸ್ತುವಿನ ತಂಟೆಗೆ ಯಾರೂ ಹೋಗುವುದಿಲ್ಲ. ಈ ಕಾಗಾಲ ಊರಿನ ಶಾಲೆ ಮಕ್ಕಳಿಗೂ ಗೊತ್ತಿರುವ ಸಂಗತಿ ಇದು. ಅನೂಪನಿಗೆ ಗೊತ್ತಿರಲಿಲ್ಲ, ಗೊತ್ತಾದ ಮೇಲೂ ಅವನು ಅದನ್ನು ಕಿವಿಗೆ ಹಾಕಿಕೊಳ್ಳಲಿಲ್ಲ.

ಅವನು ಹುಬ್ಬಳ್ಳಿಯವನು. ಹೆದ್ದಾರಿ ಕೆಲಸದ ಯಂತ್ರಗಳನ್ನು ರಿಪೇರಿ ಮಾಡುವ ಫಿಟರ್. ಕುಮಟಾಕ್ಕೆ ವರ್ಗವಾಗಿ ಎಂಟು ತಿಂಗಳಾಗಿತ್ತು. ಹೆಂಡತಿ ರೂಪಾಳ ತವರು ಹತ್ತಿರದಲ್ಲೇ ಇರುವಾಗ ಬಾಡಿಗೆ ಮನೆ ಯಾಕೆಂದು ಕಾಗಾಲದಲ್ಲೇ ಉಳಿದಿದ್ದ. ಪಾನಾ ಹಾಕಿ ತಿರುಗಿಸಲು ಬಾರದ ಯಾವ ವಸ್ತುವಿನ ಮೇಲೂ ಅವನಿಗೆ ನಂಬಿಕೆ ಇರಲಿಲ್ಲ. ಮಳೆಗಾಲ ಕಳೆಯುತ್ತಿದ್ದಂತೆ ಅವನ ಕಣ್ಣು ಆ ಗಾಡಿಯ ಮೇಲೆ ಬಿತ್ತು. ರೂಪಾ ಹೆದ್ದಾರಿ ಬದಿಯಲ್ಲಿ ಸಿಹಿ ಈರುಳ್ಳಿಯ ಗೊಂಚಲು ಕಟ್ಟಿ ಮಾರುತ್ತಿದ್ದಳು. ಮನೆಯದೇ ಗಾಡಿ ಇದ್ದರೆ ದಿನಾ ಬೆಳಿಗ್ಗೆ ರಿಕ್ಷಾ ಹುಡುಕುವ ಗೋಳು ತಪ್ಪುತ್ತಿತ್ತು. ಏಳು ವರ್ಷದ ಮಗಳು ಚಂದನಾ ಗಾಡಿಗೆ ಹಳದಿ ಬಣ್ಣವೇ ಆಗಬೇಕೆಂದು ಆಗಲೇ ಹಟ ಹಿಡಿದಿದ್ದಳು. ಲಿಂಗಪ್ಪನಿಗೆ ಬೇಡವೆನ್ನುವ ಮನಸ್ಸಿತ್ತು. ಆದರೆ ಬೇಡವೆಂದರೆ ಕಾರಣ ಹೇಳಬೇಕಾಗುತ್ತಿತ್ತು.

ಹೀಗೆ ಭಾನುವಾರಗಳೆಲ್ಲ ಗಾಡಿಯ ಪಾಲಾದವು. ರೂಪಾ ತಂತಿ ಬ್ರಷ್ ಹಿಡಿದು ತುಕ್ಕು ಕೆರೆದಳು. ಚಂದನಾ ಬಾಗಿಲಿಗೆ ಪಾಲಿಶ್ ಕಾಗದ ಉಜ್ಜಿ ಉಜ್ಜಿ ಮೂಗಿನ ತುದಿಯವರೆಗೆ ಕೆಂಪಾದಳು. ಅನೂಪ ಗಾಡಿಯ ಅಡಿಗೆ ಅಂಗಾತ ಮಲಗಿರುತ್ತಿದ್ದ. ಅಲ್ಲಿ ನಡುಹಗಲಲ್ಲೂ ಕತ್ತಲು. ಹಳೆಯ ಡೀಸೆಲ್ಲು, ಇಲಿಯ ಹಿಕ್ಕೆ, ಒದ್ದೆ ಕಬ್ಬಿಣದ ವಾಸನೆ. ಒಮ್ಮೊಮ್ಮೆ ಅವುಗಳ ನಡುವೆ ಇನ್ನೊಂದು ವಾಸನೆ ಬರುತ್ತಿತ್ತು, ಎಣ್ಣೆ ಹಚ್ಚಿದ ಎಳೆಮಗುವಿನ ನೆತ್ತಿಯದು. ಚಂದನಾ ಹತ್ತಿರ ಬಂದಿರಬೇಕೆಂದು ಅವನು ತಲೆ ಹೊರಳಿಸಿ ನೋಡಿದರೆ ಅವಳು ಅಂಗಳದ ಆ ತುದಿಯಲ್ಲಿ ಇರುತ್ತಿದ್ದಳು.

ಸೀಟು ಕಳಚಿದ ದಿನ ಕಾಯಿ ಸಿಕ್ಕಿತು. ಜುಟ್ಟಿನ ಸಮೇತ, ಬಣ್ಣಗೆಟ್ಟ ಕೆಂಪು ಬಟ್ಟೆಯೊಳಗೆ. ಬಟ್ಟೆಯ ಮೇಲೆ ಕರಿಯ ಉಡಿದಾರವೊಂದನ್ನು ಮೂರು ಸುತ್ತು ಸುತ್ತಿದ್ದರು. ದಾರದಲ್ಲಿ ಪುಟ್ಟ ಗೆಜ್ಜೆಯಿತ್ತು. ಅನೂಪ ಬ್ಲೇಡಿನಿಂದ ದಾರ ಕೊಯ್ದು, ಕಾಯಿಯನ್ನು ಪಾನಾ ಡಬ್ಬಿಗೆ ಹಾಕಿಟ್ಟ. ಗೆಜ್ಜೆಯ ದಾರವನ್ನು ಚಂದನಾ ಬೇಡಿ ತೆಗೆದುಕೊಂಡು ಬಲಗಾಲಿಗೆ ಕಟ್ಟಿಕೊಂಡಳು. ಅಂದಿನಿಂದ ಅವಳು ಮನೆಯಲ್ಲಿ ಎಲ್ಲಿದ್ದಾಳೆಂದು ಕಿವಿಗೇ ತಿಳಿಯುತ್ತಿತ್ತು.

ಮಾರ್ಚಿನಲ್ಲಿ, ಗೇರುಹಣ್ಣು ಉದುರಿ ಕೊಳೆಯುವ ಹೊತ್ತಿಗೆ, ಗಾಡಿ ಹಳದಿಯಾಗಿ ನಿಂತಿತು. ಹಿಂದಿನ ಲೈಟುಗಳ ವಯರಿಂಗ್ ಒಂದು ಬಾಕಿ. ಮುಂದಿನ ವಾರ ನೋಡಿದರಾಯಿತು ಎಂದುಕೊಂಡ ಅನೂಪ. ರೂಪಾ ಗಾಡಿಗೆ ಅಬ್ಬಲಿಗೆ ಮಾಲೆ ಹಾಕಿ, ಅಡಿಗೆಮನೆಯಿಂದ ತಂದ ಕಾಯಿಯನ್ನು ಒಡೆಯಲೆಂದು ಗಂಡನ ಕೈಗೆ ಕೊಟ್ಟು, ಆರತಿ ತರಲು ಒಳಗೆ ಹೋದಳು. ಅನೂಪನಿಗೆ ತಮಾಷೆ ಹೊಳೆದದ್ದು ಆಗಲೇ. ಗಾಡಿಗೆ ಕಟ್ಟಿದ ಕಾಯಿಯನ್ನು ಗಾಡಿಗೇ ಒಡೆದರೆ ಸರಿಯಲ್ಲವೇ? ಮನೆಯ ಕಾಯಿಯನ್ನು ಸೀಟಿನ ಹಿಂದೆ ಎಸೆದು ಹುಯಿಲಿನ ಕಾಯಿಯನ್ನು ಕೈಗೆತ್ತಿಕೊಂಡ. ಕುಲುಕಿದ. ಒಳಗೆ ನೀರು ಸದ್ದು ಮಾಡಿತು.

ಹದಿನಾರು ವರ್ಷದ ಕಾಯಿಯಲ್ಲಿ ನೀರು ಎಲ್ಲಿಂದ? ಒಂದು ಗಳಿಗೆ ಅವನ ಕೈ ನಿಂತಿತು. ಮುದುಕ ಗುಟ್ಟಾಗಿ ವರ್ಷವರ್ಷ ಹೊಸದು ಕಟ್ಟುತ್ತಿರಬೇಕು ಎಂದುಕೊಂಡ. ಬಂಪರಿಗೆ ಒಂದೇ ಏಟು. ತಣ್ಣನೆಯ ನೀರು ಮಣಿಕಟ್ಟಿನವರೆಗೆ ಹರಿಯಿತು. ಒಳಗೆ ಹಾಲುಬಿಳಿ ತಿರುಳಿತ್ತು. ಮತ್ತೆ ಅದೇ ಎಳೆಮಗುವಿನ ನೆತ್ತಿಯ ವಾಸನೆ. ಕೀಲಿ ತಿರುಗಿಸಿದಾಗ ಇಂಜಿನ್ ಮೊದಲ ಸಲಕ್ಕೇ ಎದ್ದಿತು.

ರೂಪಾ ಆ ಕಾಯಿಯನ್ನೇ ತುರಿದು, ಬೆಲ್ಲ ಅವಲಕ್ಕಿ ಕಲಸಿ ಪ್ರಸಾದ ಹಂಚಿದಳು. ಎಲ್ಲರೂ ತಿಂದರು. ಚಂದನಾ ಎರಡು ಸಲ ಕೇಳಿ ತಿಂದಳು, ಅಜ್ಜನಿಗೂ ಒಂದು ಮುಷ್ಟಿ ಒಯ್ದು ಬಾಯಿಗಿಟ್ಟಳು. ಲಿಂಗಪ್ಪ ಜಗಿಯುತ್ತಾ ಜಗಿಯುತ್ತಾ ನಿಲ್ಲಿಸಿದ.

“ಯಾವ ಕಾಯಿ ಒಡೆದ್ರಿ?”

“ಮನೀದ ರೀ, ಅಡಿಗಿಮನೀದು,” ಎಂದ ಅನೂಪ.

ಮೊದಲು ಹೋದದ್ದು ರುಚಿ. ಸಾರಿಗೆ ಉಪ್ಪಿಲ್ಲವೆಂದು ಅನೂಪ ರೇಗಿದ, ರೂಪಾ ಮತ್ತೆ ಹಾಕಿದಳು, ಅವಳಿಗೂ ತಿಳಿಯಲಿಲ್ಲ, ಮತ್ತೆ ಹಾಕಿದಳು. ವಾರ ಕಳೆಯುವುದರೊಳಗೆ ಬೆರಳ ತುದಿಗಳು ಹೋದವು. ಯಂತ್ರದಲ್ಲಿ ಅನೂಪನ ಹೆಬ್ಬೆರಳ ಉಗುರು ಕಿತ್ತು ಬಂತು. ಪಕ್ಕದವನು ಅಯ್ಯೋ ಎಂದ ಮೇಲೆ ಇವನು ನೋಡಿಕೊಂಡ. ನೋವಿರಲಿಲ್ಲ. ಇನ್ನೊಂದು ದಿನ ರೂಪಾ ದೋಸೆ ಹೊಯ್ಯುತ್ತಾ ಏನೋ ಸೀಯುವ ವಾಸನೆಗೆ ಅತ್ತಿತ್ತ ಹುಡುಕಿದಳು. ಒಲೆಯ ಸುತ್ತ ನೋಡಿದಳು, ಹೊರಗೆ ಇಣುಕಿದಳು. ಸೀಯುತ್ತಿದ್ದದ್ದು ಕಾವಲಿಯ ಅಂಚಿನ ಮೇಲೆ ಊರಿದ್ದ ಅವಳದೇ ಅಂಗೈ.

ಅದಕ್ಕಾದರೂ ಅನೂಪ ಒಂದು ಕಾರಣ ಹುಡುಕುತ್ತಿದ್ದನೇನೋ. ಆದರೆ ಒಂದು ಬೆಳಿಗ್ಗೆ ಎದ್ದು ನೋಡಿದರೆ ಮನೆಯ ನೆಲದ ತುಂಬ ಪುಟ್ಟ ಹೆಜ್ಜೆಗಳು, ಒಂದು ಬಿಟ್ಟು ಒಂದು ಕೆಂಪು. ಹೆಜ್ಜೆಗಳ ತುದಿಯಲ್ಲಿ ಚಂದನಾ ಹಾಡಿಕೊಳ್ಳುತ್ತಾ ಜಡೆ ಹಾಕಿಕೊಳ್ಳುತ್ತಿದ್ದಳು. ಎಡ ಅಂಗಾಲಲ್ಲಿ ಎರಡಿಂಚಿನ ಮೊಳೆ ಪೂರ್ತಿ ಒಳಗೆ ಹೋಗಿತ್ತು.

ಕುಮಟಾದ ಡಾಕ್ಟರು ಮೊಳೆ ತೆಗೆದರು. ಚಂದನಾಳಿಗೆ ಕಣ್ಣು ಮುಚ್ಚಲು ಹೇಳಿ, ಸೂಜಿಯಿಂದ ಕಾಲು ಮುಟ್ಟುತ್ತಾ, “ಗೊತ್ತಾದ ಕೂಡಲೇ ಹೇಳು ಪುಟ್ಟಿ” ಎಂದರು. ಮೊಣಕಾಲವರೆಗೂ ಅವಳು ಸುಮ್ಮನಿದ್ದಳು. ರಕ್ತ ಸರಿಯಿತ್ತು, ನರ ಸರಿಯಿತ್ತು, ಚೀಟಿಯಲ್ಲಿ ಎಲ್ಲವೂ ಸರಿಯಿತ್ತು. ಮರಗಟ್ಟಿದ್ದು ಮೇಲೆ ಹತ್ತದಂತೆ ನೋಡಿಕೊಳ್ಳಿ ಎಂದರು ಡಾಕ್ಟರು, ಹೇಗೆಂದು ಅವರಿಗೂ ಗೊತ್ತಿರಲಿಲ್ಲ.

ಮನೆಗೆ ಬಂದವನೇ ಅನೂಪ ಮಾವನ ಎದುರು ಕೂತ. ಲಿಂಗಪ್ಪನ ಪಾದದ ಮೇಲೆ ಕೆಂಪಿರುವೆಗಳು ಸಾಲುಗಟ್ಟಿ ಹತ್ತಿದ್ದವು. ಅವನು ಕೊಡವಿಕೊಂಡಿರಲಿಲ್ಲ. ಶುಗರ್ ಇರುವುದರಿಂದ ಹಾಗೆ ಎಂದು ಮನೆಯವರೆಲ್ಲ ನಂಬಿದ್ದರು.

“ನಿಮ್ಮ ಕಾಲಿಗೆ ಯಾವಾಗಿಂದ ರೀ ಹಿಂಗ?”

“ಹದಿನಾರು ವರ್ಷ ಆತು,” ಎಂದ ಲಿಂಗಪ್ಪ. ಆಮೇಲೆ, ಮೊದಲ ಸಲ, ಅಂಗಳದ ಕಡೆಗೆ ತಿರುಗಿ ಕೂತು ಹೇಳಿದ. “ಮಿರ್ಜಾನದಾಗೆ ತರಕಾರಿ ತುಂಬುಕೆ ಹೋದಾಗ. ರಿವರ್ಸ್ ತಕ್ಕಂಡೆ. ಹಿಂದೆ ಸುಬ್ಬಿಯ ಮಗ ಆಡ್ತಿದ್ದ. ಮಂಜ. ನಾಕು ವರ್ಷ. ಪೋಲೀಸರು ಕೇಳ್ದಾಗ ಗೊತ್ತೇ ಆಗ್ಲಿಲ್ಲ ಅಂದೆ. ಜಟಕನ ಕಟ್ಟೆ ಮುಂದೆ ಊರವ್ರು ಕೇಳ್ದಾಗೂ ಅದೇ ಅಂದೆ. ಆಗ ಸುಬ್ಬಿ ಎದ್ದು ನಿಂತು, ‘ಹಂಗಾರೆ ನಿಂಗೆ ಎಂತದೂ ಗೊತ್ತಾಗುದೇ ಬೇಡ, ಈ ಕಾಯಿ ಮುಟ್ಟಿದವ್ರಿಗೂ ಬೇಡ’ ಅಂದ್ಲು.” ಅವನ ದನಿ ಏರಲೂ ಇಲ್ಲ, ನಡುಗಲೂ ಇಲ್ಲ. “ನಂಗೆ ಗೊತ್ತಾಗಿತ್ತು. ಗಾಲಿ ಒಂಚೂರು ಎದ್ದು ಇಳಿದಿದ್ದು ಗೊತ್ತಾಗಿತ್ತು.”

ಆ ವರ್ಷ ರೂಪಾ ಹೊನ್ನಾವರದ ಸೋದರತ್ತೆಯ ಮನೆಯಲ್ಲಿ ಓದುತ್ತಿದ್ದಳು. ಇಂಜಿನ್ ಹೋಗಿದೆ ಎಂದಷ್ಟೇ ಅವಳಿಗೆ ಹೇಳಿದ್ದರು. ಈಗ ಬಾಗಿಲ ಹಿಂದೆ ನಿಂತು ಎಲ್ಲ ಕೇಳಿಸಿಕೊಂಡಳು. “ಹೋಗಿ ಕರ್ಕ ಬನ್ನಿ ಅವಳನ್ನ,” ಎಂದಳು. “ಅವಳೇ ಬಂದು ಬಿಚ್ಲಿ. ನನ್ನ ಮಗು ಮೊದಲಿನಂಗಾದ್ರೆ ಸಾಕು.”

ಬಿಚ್ಚಲು ಕಾಯಿಯೇ ಇಲ್ಲವೆಂಬುದು ಅನೂಪನೊಬ್ಬನಿಗೇ ಗೊತ್ತಿತ್ತು. ಆಗಲೇ ಹೇಳಿಬಿಡಬಹುದಿತ್ತು. ಹೇಳಲಿಲ್ಲ. ನಾಚಿಕೆ, ಹೆದರಿಕೆ ಎರಡೂ ಇದ್ದವು, ಎಲ್ಲೋ ದೂರದಲ್ಲಿ, ಗೋಡೆಯಾಚೆಯ ಮಾತಿನ ಹಾಗೆ. ಮಂಚದಡಿಯಿಂದ ಒಂದು ಕಾಯಿ ತೆಗೆದ. ಪಾನಾ ಡಬ್ಬಿಯಲ್ಲೇ ಉಳಿದಿದ್ದ ಹಳೆಯ ಕೆಂಪು ಬಟ್ಟೆ ಸುತ್ತಿ, ಸೀಟಿನ ಅಡಿಗೆ ಬಿಗಿದು ಕಟ್ಟಿದ. ಮುದುಕಿಗೆ ಏನು ತಿಳಿಯುತ್ತದೆ ಎಂದುಕೊಂಡ.

ಮಿರ್ಜಾನದಲ್ಲಿ ಸುಬ್ಬಿ ಹರಿವೆ ಸೊಪ್ಪಿನ ಮಡಿಗೆ ನೀರು ಹಾಕುತ್ತಿದ್ದಳು. ಕೊರಳ ತುಂಬ ಕರಿಮಣಿ, ಬಿಳಿಗೂದಲು. ಮದುವೆಮನೆಗಳಲ್ಲಿ ಬೆಳಗಿನವರೆಗೆ ಹಾಡುತ್ತಿದ್ದವಳು, ಮಂಜ ಹೋದ ಮೇಲೆ ಒಂದು ಸಾಲನ್ನೂ ಹಾಡಿರಲಿಲ್ಲ ಎಂದು ಲಿಂಗಪ್ಪ ದಾರಿಯಲ್ಲಿ ಹೇಳಿದ್ದ. ಈಗ ಅವನು ಮಡಿಯ ಅಂಚಿನಲ್ಲಿ ನಿಂತು ಕೈ ಮುಗಿದ.

“ಸುಬ್ಬಿ, ತಪ್ಪಾತು. ನಂಗೆ ಗೊತ್ತಾಗಿತ್ತು.”

ಅವಳು ಕೊಡದಲ್ಲಿ ಉಳಿದ ನೀರನ್ನು ಗಿಡಗಳ ಬುಡಕ್ಕೆ ಪೂರ್ತಿ ಬಗ್ಗಿಸಿದಳು. “ಇಷ್ಟೇ ಮಾತು,” ಎಂದಳು. “ಅಂದೇ ಹೇಳಿದ್ರೆ ಅಂದೇ ಬಿಚ್ತಿದ್ದೆ.” ಲಿಂಗಪ್ಪ ಮೊಮ್ಮಗಳ ಕಾಲಿನ ಸಂಗತಿ ಹೇಳಿದ ಮೇಲೆ ಕೇಳಿದಳು, “ಮೊಮ್ಮಗಳಿಗೆ ಎಷ್ಟು ವರ್ಷ?”

“ಏಳು.”

“ಉಳಿದ ಎರಡು ಮಡಿಗೆ ನೀರು ಹಾಕಿ ಬತ್ತೆ.”

ಅವಳು ಬರುತ್ತಾಳೆಂದು ಅನೂಪ ಎಣಿಸಿರಲಿಲ್ಲ. ಬಂದಳು, ಗಾಡಿ ಹತ್ತಿ ಇಬ್ಬರ ನಡುವೆ ಕೂತಳು. ಗಾಡಿ ಹೆದ್ದಾರಿ ಹಿಡಿಯಿತು. ಸುಬ್ಬಿಯ ಮೈಯಿಂದ ಒದ್ದೆ ಮಣ್ಣಿನ ವಾಸನೆ ಬರುತ್ತಿತ್ತು. ಈಗಲಾದರೂ ಹೇಳು ಎಂದು ಅನೂಪನ ಮನಸ್ಸು ಹೇಳುತ್ತಿತ್ತು. ಮೊಣಕಾಲಿನ ಕೆಳಗೆ ಕಾಲುಗಳಿವೆಯೋ ಇಲ್ಲವೋ ಅವನಿಗೆ ತಿಳಿಯುತ್ತಿರಲಿಲ್ಲ. ಬ್ರೇಕ್ ತುಳಿಯಲು ಪ್ರತಿ ಸಲ ಬಗ್ಗಿ ನೋಡಬೇಕಾಗುತ್ತಿತ್ತು.

ಕಾಗಾಲ ಮುಟ್ಟಿದಾಗ ಮುಚ್ಚಂಜೆ. ಕರೆಂಟ್ ಹೋಗಿತ್ತು. ಮನೆ ಕಪ್ಪಾಗಿ ನಿಂತಿತ್ತು, ಒಳಗೆಲ್ಲೋ ಒಂದು ಬುಡ್ಡಿದೀಪ. ಅಂಗಳದಲ್ಲಿ ಕೊಳೆತ ಗೇರುಹಣ್ಣಿನ ಹುಳಿ ನಾತ. ಅನೂಪ ಎಂದಿನಂತೆ ಗಾಡಿ ತಿರುಗಿಸಿ ಗೇರುಮರದ ಕಡೆಗೆ ರಿವರ್ಸ್ ತೆಗೆದುಕೊಂಡ. ಹಿಂದಿನ ಲೈಟು ಇನ್ನೂ ಬಾಕಿಯೇ ಇತ್ತು. ಹಿಂದೆ ಎಲ್ಲವೂ ಕತ್ತಲು.

ಎಲ್ಲೋ ಕಿಣಿ ಎಂದಿತು.

ಸುಬ್ಬಿ ತಟ್ಟನೆ ತಲೆ ಎತ್ತಿದಳು. “ಎಂತ ಅದು?”

“ಏನಿಲ್ಲ ಬಿಡ್ರಿ,” ಎಂದ ಅನೂಪ. ಗಾಡಿ ನಿಲ್ಲಿಸಿ ಇಂಜಿನ್ ಬಂದ್ ಮಾಡಿದ.

ಬಿಸಿ ಇಂಜಿನ್ ಟಿಕ್ ಟಿಕ್ ಎನ್ನುತ್ತಿತ್ತು. ಸುಬ್ಬಿ ಇಳಿದು, ಸೀಟಿನ ಅಡಿಗೆ ಕೈ ತೂರಿಸಿ ಗಂಟು ಬಿಚ್ಚಿದಳು. ಬಟ್ಟೆ ಸರಿಸಿದಳು. ಕಾಯಿಯನ್ನು ಕತ್ತಲಲ್ಲೇ ಎರಡೂ ಅಂಗೈಯಿಂದ ಸವರಿದಳು.

“ಇದು ನಂದಲ್ಲ.”

ಅವಳು ಕಾಯಿಯನ್ನು ಸೀಟಿನ ಮೇಲಿಟ್ಟಳು.

“ಮೇಲೆ ನನ್ನ ಮಂಜನ ಉಡಿದಾರ ಸುತ್ತಿದ್ದೆ. ಗೆಜ್ಜೆ ಇತ್ತು. ನನ್ನ ಕಾಯಿ ಎಲ್ಲಿ?”

“ಒಡದೆ,” ಎಂದ ಅನೂಪ. “ಪೂಜಾಕ್ಕ ಅದನ್ನ ಒಡದೆ.”

“ಒಡೆದು?”

“ತಿಂದ್ವಿ.”

ಲಿಂಗಪ್ಪ ಇಳಿದು ಹೋಗಿ ಜಗಲಿಯ ಮೆಟ್ಟಿಲ ಮೇಲೆ ಕೂತ. ರೂಪಾ ದೀಪ ಹಿಡಿದು ಹೊರಗೆ ಬಂದವಳು ಅಲ್ಲೇ ನಿಂತಳು.

“ಮಗುವೂ?” ಸುಬ್ಬಿಯ ದನಿ ಸಣ್ಣದಾಗಿತ್ತು.

“ಅವಳೇ ಹೆಚ್ಚು ತಿಂದ್ಲು,” ಎಂದಳು ರೂಪಾ.

“ಬಿಚ್ಚುಕೆ ಬಂದಿದ್ದೆನೋ ನಾನು,” ಎಂದಳು ಸುಬ್ಬಿ. “ಮನಸ್ಸು ಮಾಡಿ ಬಂದಿದ್ದೆ. ಹೊಟ್ಟೆಗೆ ಹೋದದ್ದನ್ನ ಹೆಂಗೆ ಬಿಚ್ಲಿ? ಯಾವ ಹೊಳೆಗೆ ಬಿಡ್ಲಿ?”

ಆಗ ಗಾಡಿಯ ಹಿಂದಿನಿಂದ ಮಾತು ಬಂತು. ಬೇಸರದ ದನಿ, ಅಷ್ಟೇ.

“ಅಪ್ಪಾ, ಗಾಡಿ ಸ್ವಲ್ಪ ಮುಂದೆ ತಗೊ. ನನ್ನ ಕಾಲು ಬರ್ತಾ ಇಲ್ಲ.”

ರೂಪಾ ದೀಪವನ್ನು ಗಾಡಿಯ ಹಿಂದಕ್ಕೆ ಚಾಚಿದಳು. ಅನೂಪ ಓಡಿದ. ಕಾಲು ತೊಡರಿತು. ಬಿದ್ದ. ಎದ್ದ. ಗೇರುಮರದ ಬುಡ. ಮಡಿಲ ತುಂಬ ಅಬ್ಬಲಿಗೆ. ಅರ್ಧ ಕಟ್ಟಿದ ಮಾಲೆ. ಚಂದನಾ ಕಾಲು ಚಾಚಿ ಕೂತಿದ್ದಳು. ಎಡಗಾಲು ಇತ್ತು. ಬಲಗಾಲು ಮೊಣಕಾಲವರೆಗೆ ಇತ್ತು. ಅಲ್ಲಿಂದ ಮುಂದೆ ಟಯರು. ಹೊಸ ಟಯರು. ಅಡಿಯಲ್ಲಿ ಮಣ್ಣು ಒದ್ದೆಯಾಗಿತ್ತು. ಅವಳು ಅಳುತ್ತಿರಲಿಲ್ಲ. ದೀಪದ ಬೆಳಕಿಗೆ ಕಣ್ಣು ಕಿರಿದು ಮಾಡಿದಳು.

“ಗಾಡಿ ಬಂದಾಗ ಕಾಲು ಎಳ್ಕಂಡಿದ್ದೆ ಅಪ್ಪಾ,” ಎಂದಳು. “ಎಳ್ಕಂಡೆ ಅಂದ್ಕಂಡಿದ್ದೆ.”

ಗಾಲಿ ಎದ್ದಿರಬೇಕು. ಎದ್ದು ನಿಂತಿರಬೇಕು. ಸ್ಟೇರಿಂಗ್ ಅವನ ಕೈಯಲ್ಲೇ ಇತ್ತು. ಪೆಡಲು ಅವನ ಕಾಲಡಿಯಲ್ಲೇ ಇತ್ತು.

“ನನಗ ಗೊತ್ತ ಆಗಲಿಲ್ಲ,” ಎಂದ ಅನೂಪ. ತಾನೇನು ಹೇಳಿದೆನೆಂಬುದು ಕಿವಿಗೆ ಬಿದ್ದ ಮೇಲೆ ತಿಳಿಯಿತು.

ಆ ಅಂಗಳದಲ್ಲಿ ಕಿರುಚಿದವಳು ಒಬ್ಬಳೇ, ಸುಬ್ಬಿ. ಎದೆ ಎದೆ ಬಡಿದುಕೊಂಡು, ಮಣ್ಣಿನಲ್ಲಿ ಹೊರಳಿ, ಮಂಜಾ ಮಂಜಾ ಎಂದು ಕಿರುಚಿದಳು. ಅಕ್ಕಪಕ್ಕದವರು ಓಡಿ ಬಂದು ಅವಳೇ ಮಗುವಿನ ತಾಯಿ ಎಂದುಕೊಂಡು ಅವಳನ್ನು ಹಿಡಿದುಕೊಂಡರು. ರೂಪಾ, ಅನೂಪ, ಲಿಂಗಪ್ಪ ಮೂವರೂ ಸುಮ್ಮನೆ ನಿಂತಿದ್ದರು.

ಮಗು ಉಳಿಯಿತು. ಬಲಗಾಲನ್ನು ಮೊಣಕಾಲಿನ ಕೆಳಗೆ ತೆಗೆದರು. ಇಷ್ಟು ಗಟ್ಟಿ ಮಗುವನ್ನು ತಾವು ಕಂಡಿಲ್ಲ, ಒಂದು ಹನಿ ಕಣ್ಣೀರು ಹಾಕಲಿಲ್ಲ ಎಂದು ಆಸ್ಪತ್ರೆಯ ನರ್ಸುಗಳು ಹೊಗಳಿದರು. ಅನೂಪ ತಲೆಯಾಡಿಸಿದ. ತನಗೆ ದುಃಖವಾಗಬೇಕಿತ್ತು ಎಂದು ಅವನಿಗೆ ಗೊತ್ತಿತ್ತು. ರಾತ್ರಿಯೆಲ್ಲ ಅದಕ್ಕಾಗಿ ಕಾದ. ಮರದ ಕಾಲು ತೊಡಿಸಿಕೊಂಡವನು ಪಾದ ತುರಿಸಲು ಹೋದ ಹಾಗೆ, ದುಃಖ ಇರಬೇಕಾದ ಜಾಗದಲ್ಲಿ ಹುಡುಕಿದ. ಅಲ್ಲಿ ಏನೂ ಇರಲಿಲ್ಲ. ರೂಪಾಳನ್ನು ಕೇಳಿದಾಗ ಅವಳೂ ಅದನ್ನೇ ಹೇಳಿದಳು.

ಗಾಡಿ ಈಗ ಮತ್ತೆ ಗೇರುಮರದ ಕೆಳಗೆ ನಿಂತಿದೆ. ಹಳದಿ ಬಣ್ಣದ ಮೇಲೆ ಎಲೆ ಬೀಳುತ್ತಿದೆ. ನಾಲ್ವರೂ ಹೊತ್ತುಹೊತ್ತಿಗೆ ಉಣ್ಣುತ್ತಾರೆ. ಹಸಿವು ತಿಳಿಯುವುದಿಲ್ಲವಾದ್ದರಿಂದ ಗಡಿಯಾರ ನೋಡಿ ಉಣ್ಣುತ್ತಾರೆ. ಮಲಗುವ ಮುಂಚೆ ಒಬ್ಬರ ಮೈ ಒಬ್ಬರು ದೀಪ ಹಿಡಿದು ನೋಡುತ್ತಾರೆ, ಎಲ್ಲಾದರೂ ಗಾಯವಾಗಿದೆಯೇ ಎಂದು.

ಪ್ರತಿ ಮಂಗಳವಾರ ಮಿರ್ಜಾನದಿಂದ ಸುಬ್ಬಿ ಬರುತ್ತಾಳೆ. ಬಸ್ಸಿಳಿದು ನಡೆದು ಬರುತ್ತಾಳೆ, ಒಂದು ಕಟ್ಟು ಹರಿವೆ ತರುತ್ತಾಳೆ. ಚಂದನಾಳ ಎದುರು ಕೂತು, ಉಳಿದಿರುವ ಒಂದು ಪಾದವನ್ನು ಮಡಿಲಿಗೆ ತೆಗೆದುಕೊಂಡು ಎಣ್ಣೆ ತಿಕ್ಕುತ್ತಾಳೆ. ತಿಕ್ಕುತ್ತಾ ಜಟಕನನ್ನು ಕರೆದು, ಹೇಳಿದ್ದನ್ನೆಲ್ಲ ನಾನೇ ಹಿಂದಕ್ಕೆ ತಕ್ಕಂಡೆ ಎಂದು ಬೇಡಿಕೊಳ್ಳುತ್ತಾಳೆ. ಆಮೇಲೆ ಪಾದವನ್ನು ಚಾಪೆಯ ಮೇಲಿಟ್ಟು, ಡಾಕ್ಟರು ಮಾಡಿದ ಹಾಗೆ, ಕಣ್ಣು ಮುಚ್ಚು ಮಗಾ ಎನ್ನುತ್ತಾಳೆ. ಮುಟ್ಟಿ ಕೇಳುತ್ತಾಳೆ. ಇಲ್ಲ ಎಂದು ಉತ್ತರ ಬಂದಾಗ ಸೆರಗಿನಿಂದ ಕಣ್ಣೊರೆಸಿಕೊಂಡು ಎದ್ದು ಹೋಗುತ್ತಾಳೆ.

ಹೋದ ಮಂಗಳವಾರ ಅನೂಪ ಬಾಗಿಲಲ್ಲಿ ನಿಂತು ನೋಡುತ್ತಿದ್ದ. ಚಂದನಾ ಕಣ್ಣು ಮುಚ್ಚಿದ್ದಳು. ಸುಬ್ಬಿ ಕೈ ಚಾಚಿದಳು. ಕಣ್ಣೊರೆಸಿಕೊಳ್ಳಲು ಸೆರಗನ್ನು ಆಗಲೇ ಇನ್ನೊಂದು ಕೈಯಲ್ಲಿ ಹಿಡಿದಿದ್ದಳು.

“ಗೊತ್ತಾತ ಮಗಾ?”

“ಹೂಂ, ಗೊತ್ತಾತು ಅಜ್ಜಿ,” ಎಂದಳು ಚಂದನಾ.

ಸುಬ್ಬಿ ಅವಳನ್ನು ಇನ್ನೂ ಮುಟ್ಟಿರಲಿಲ್ಲ.